ಅಮ್ಮನ ಸೌನಾ ಒಲೆ

“ಇದೇ ಸರಿ ಅಮ್ಮ, ಕರೆಂಟಿಂದು. ಬಿಸಿ ಜಾಸ್ತಿಯಾದ್ರೆ ಆಫೀಸಲ್ಲೇ ಕೂತು ನನ್ನ ಮೊಬೈಲಿಂದ ಆಫ್ ಮಾಡಿಬಿಡ್ತೀನಿ,” ಎಂದು ಮಗ ಅಂಗಡಿಯಲ್ಲಿಟ್ಟಿದ್ದ ಹೀಟರನ್ನು ತಟ್ಟಿದಾಗ ಅಮ್ಮನ ಕೈ ಪಕ್ಕದ ಸೌದೆ ಒಲೆಯ ಕಬ್ಬಿಣದ ಬಾಗಿಲಿನ ಮೇಲಿತ್ತು. ಬೆನ್ನುನೋವಿಗೆಂದು ಮನೆಯಲ್ಲಿ ಸೌನಾ, ಅಂದರೆ ಬಿಸಿಯಲ್ಲಿ ಕೂತು ಬೆವರುವ ಕೋಣೆ, ಕಟ್ಟಿಸಿದವಳು ಅವಳೇ.

“ಜಾಸ್ತಿ ಅಂತ ಯಾರು ಹೇಳೋದು? ಒಳಗೆ ಕೂತ ನಾನೋ, ಆಫೀಸಲ್ಲಿ ಕೂತ ನೀನೋ?”

“ನಿನ್ನ ಒಳ್ಳೇದಕ್ಕೇ ಅಮ್ಮ. ಈ ವಯಸ್ಸಲ್ಲಿ ಸೌದೆ, ಬೂದಿ, ಹೊಗೆ ಎಲ್ಲಾ ಯಾಕೆ?” ಅಂಗಡಿಯವನೂ ಹೌದೆಂದು ತಲೆಯಾಡಿಸಿದ.

ಬೇಕರಿಯ ಭಟ್ಟಿ ಉರಿಸಿಯೇ ಮಗನನ್ನು ಓದಿಸಿದ್ದ ಅಮ್ಮ ಒಲೆಯ ಬಾಗಿಲನ್ನು ತೆರೆದು, ಒಳಗೆಲ್ಲ ಕೈಯಾಡಿಸಿ, ಧಡ್ ಎಂದು ಮುಚ್ಚಿದಳು.

“ಇಷ್ಟು ವರ್ಷ ನಿಮಗೋಸ್ಕರ ಬೆವರು ಸುರಿಸಿದೆ ಕಣೋ. ಜಾಸ್ತಿಯಾಯ್ತು ಅಂತ ಆಗ ಯಾರೂ ಆಫ್ ಮಾಡ್ಲಿಲ್ಲ. ಇನ್ಮೇಲೆ ನನಗೋಸ್ಕರ ಬೆವರ್ತೀನಿ,” ಎಂದವಳು ಅಂಗಡಿಯವನತ್ತ ತಿರುಗಿದಳು. “ಸೌದೆಯದ್ದೇ ಕಳಿಸಪ್ಪಾ.”