ಎಂಟನೇ ನಿಮಿಷ

ಕೂದಲೆಳೆಯಷ್ಟು ಸಣ್ಣ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹರಿಸಿ, ರೋಗಿಯ ರಕ್ತದ ಪ್ರೋಟೀನಿಗೆ ಹೊಸ ಔಷಧ ಅಂಟುತ್ತದೆಯೋ ಇಲ್ಲವೋ ಎಂದು ನೋಡುವುದೇ ಶಾಂಭವಿಯ ನಾಲ್ಕು ವರ್ಷದ ಕೆಲಸ. ಅಂಟಿದರೆ ಪ್ರೋಟೀನಿನ ಓಟ ನಿಧಾನವಾಗಬೇಕು. ಔಷಧವನ್ನು ಮೂವತ್ತು ಸಲ ಬದಲಿಸಿದರೂ ಪ್ರೋಟೀನು ಆರನೇ ನಿಮಿಷಕ್ಕೇ ಕೊಳವೆ ದಾಟಿಬಿಡುತ್ತಿತ್ತು.

ಇಂದು ಎಂಟು ನಿಮಿಷ ತೆಗೆದುಕೊಂಡಿತು. ಮೂರು ಸಲ ನೋಡಿದರೂ ಎಂಟೇ.

ಒಂದು ತಿಂಗಳು ವಿದೇಶದಲ್ಲಿದ್ದು ಆಗಷ್ಟೇ ಮರಳಿದ್ದ ಪ್ರೊಫೆಸರ್ ಮಾದಪ್ಪ ಯಂತ್ರದ ಪರದೆ ನೋಡಿ ಕುಣಿಯುವುದೊಂದು ಬಾಕಿ.

"ಅಂಟಿಬಿಡ್ತಲ್ಲಮ್ಮ! ಕೊನೆಗೂ ಅಂಟಿಬಿಡ್ತು!"

"ಹೌದು ಸಾರ್," ಎಂದು ಶಾಂಭವಿ ಕೊಳವೆ ತೊಳೆಯತೊಡಗಿದಳು. ಐದು ನಿಮಿಷ ಕ್ಷಾರ, ಐದು ನಿಮಿಷ ನೀರು, ಎಂದಿನ ಹಾಗೆ.

"ಏನಮ್ಮ, ಒಂಚೂರೂ ಖುಷಿ ಆಗ್ಲಿಲ್ವಾ ನಿಂಗೆ?"

"ಗೊತ್ತಾಗ್ತಿಲ್ಲ ಸಾರ್."

"ಸುಸ್ತಾಗಿದೀಯ ಅಷ್ಟೇ. ಯಾರದಮ್ಮ ಈ ರಕ್ತ? ಅವರನ್ನ ಕರೆಸು. ಮೊದಲು ಅವರಿಗೇ ಔಷಧ ಕೊಡೋಕೆ ಅನುಮತಿ ಕೇಳೋಣ."

ಶಾಂಭವಿ ಯಂತ್ರದ ಮುಚ್ಚಳ ಹಾಕಿ ಕೈ ಒರೆಸಿಕೊಂಡಳು.

"ನಮ್ಮ ತಂಗೀದು ಸಾರ್. ಮೊನ್ನೆ ತಾನೇ ಅವಳ ಹನ್ನೊಂದನೇ ದಿನದ ಕಾರ್ಯ ಮುಗಿಸ್ಕೊಂಡು ಬಂದೆ."