ಹೆಸರು ಕೇಳದ ಬಾಗಿಲು

ಮಂದಿಯೆಲ್ಲ ಕಣ್ಣೊಳಗೆ ಬ್ರೌಸರ್ ಹಾಕಿಸಿಕೊಂಡ ಕಾಲವದು. ಕಲ್ಯಾಣಮಂಟಪದ ಬಾಗಿಲು ಮದುಮಗ ಮೌನೇಶನನ್ನೇ ತಡೆಯಿತು: "ನಿನ್ನ ಬ್ರೌಸರ್ ಯಾವುದು?"

ಅವನದು ಓಬೀರಾಯನ ಕಾಲದ್ದು; ಹಳೆಯದಕ್ಕೆ ಮಂಟಪದ ಚಿತ್ರಗಳು ಕಾಣವೆಂದು ಬಾಗಿಲು ಅಂಥವರನ್ನು ಬಿಡುತ್ತಿರಲಿಲ್ಲ. ಊರ ರೂಢಿಯಂತೆ ಹೊಸದರ ಹೆಸರು ಹೇಳಿದ. "ಗರುಡ."

"ಎಲ್ಲಾರೂ ಅದನ್ನ ಹೇಳ್ತಾರ. ನಂಬಂಗಿಲ್ಲ, ನಡಿ."

"ಲೇ ಬಾಗಿಲ, ಒದ್ದು ಮುರೀತೀನಿ! ಮುಹೂರ್ತ ಮೀರಾಕತ್ತೈತಿ!"

ಆ ಬಾಗಿಲಿಗೆ ಜಾವಾ ಕೋಡ್ ಬರೆದವಳು ಮದುಮಗಳು ನೀಲಮ್ಮನೇ. ಅವನ ಕೂಗು ಕೇಳಿ, ಒಳಗೆ ಬಾಸಿಂಗ ಸರಿಸಿಕೊಂಡು ಒಂದು ಸಾಲು ತಿದ್ದಿದಳು: ಹೆಸರು ಕೇಳಬೇಡ, ಕಾಣುತ್ತದೋ ಇಲ್ಲವೋ ಕೇಳು.

ಬಾಗಿಲು ತನ್ನ ಮೈಮೇಲೊಂದು ಚಿತ್ರ ಮೂಡಿಸಿತು. "ಏನು ಕಾಣಾಕತ್ತೈತಿ?"

"ನನ್ನ ಹೇಣ್ತಿ ನಾಲಿಗಿ ಚಾಚ್ಯಾಳ!"

ಬಾಗಿಲು ತಟ್ಟನೆ ತೆರೆಯಿತು.

"ಹೇಣ್ತಿ ಇನ್ನೂ ಆಗಿಲ್ಲೋ, ಓಡಿ ಬಾ!" ಎಂದು ನೀಲಮ್ಮ ಕೂಗಿದಳು.

ನೀಲಮ್ಮನ ಕೊರಳಿಗೆ ತಾಳಿ ಬಿತ್ತು. ಖುಷಿಗೆ ಮಂದಿ ಬಾಗಿಲ ಮೇಲೂ ಅಕ್ಕಿಕಾಳು ಎರಚಿದರು.