ಎರಡು ಉತ್ತರ

ಅವಳು ಎಂಟರ್ ಒತ್ತಿದ್ದೇ ತಡ, ಲ್ಯಾಪ್‌ಟಾಪಿನ ಪರದೆ ತುಂಬ ಸಾಲುಗಳು ನುಗ್ಗಿ ಬಂದವು. ಔಷಧ ಗೋದಾಮಿನ ಮ್ಯಾನೇಜರ್ ಕುರ್ಚಿಯಿಂದ ಎದ್ದೇಬಿಟ್ಟರು. “ನೋಡಮ್ಮ, ನಾನು ಹೇಳ್ಲಿಲ್ವಾ? ಇವನು ಎಳೆದ ಕೇಬಲ್ಲೇ ಸರಿ ಇಲ್ಲ!” ಬಾಗಿಲಲ್ಲಿ ನಿಂತಿದ್ದ ಕೇಬಲ್ ಅಣ್ಣ ತಲೆ ತಗ್ಗಿಸಿದ. ಮೂರು ದಿನದಿಂದ ಲೇಬಲ್ ಪ್ರಿಂಟರ್ ಆಗಾಗ ಮುಷ್ಕರ ಹೂಡುತ್ತಿತ್ತು. ಅವನನ್ನು ಕೆಲಸದಿಂದ ತೆಗೆಯುವ ಪತ್ರ ಸಹಿಯೊಂದು ಬಾಕಿಯಾಗಿ ಮೇಜಿನ ಮೇಲಿತ್ತು.

ನೆಟ್‌ವರ್ಕ್ ಪರೀಕ್ಷಿಸಲು ಬಂದವಳು ನಕ್ಕಳು. “ಇದು ನನ್ನದೇ ಗಲಾಟೆ ಸಾರ್. ನಿಮ್ಮ ಲಿನಕ್ಸ್ ಸರ್ವರ್ ತಂತಿಯಲ್ಲಿ ಹೋಗೋ ಮಾಹಿತಿ ಪ್ಯಾಕೆಟ್ಟನ್ನೆಲ್ಲ ಹಿಡಿದು ನನಗೆ ಕಳಿಸ್ತಿದೆ. ಕಳಿಸೋದೂ ಅದೇ ತಂತೀಲಿ ತಾನೆ? ಅದನ್ನೂ ಹಿಡಿದು ಮತ್ತೆ ಕಳಿಸ್ತಿದೆ.” ತನ್ನ ಸಂಪರ್ಕವನ್ನು ಲೆಕ್ಕಕ್ಕೆ ಹಿಡಿಯಬೇಡವೆಂದು ಕಮಾಂಡಿಗೆ ಮೂರೇ ಪದ ಸೇರಿಸಿದಳು. ಪರದೆ ತೆಪ್ಪಗಾಯಿತು.

ಆ ಮೌನದಲ್ಲಿ ಸರ್ವರಿನ ಒಂದು ಪ್ರಶ್ನೆ ಮೂಡಿತು: ಲೇಬಲ್ ಪ್ರಿಂಟರಿನ ವಿಳಾಸ ಯಾರದು? ಕೆಳಗೆ ‘ನನ್ನದು’ ಎಂದು ಒಂದಲ್ಲ, ಎರಡು ಉತ್ತರ.

“ಒಂದೇ ಮನೆ ನಂಬರನ್ನ ಇಬ್ಬರು ಹಾಕ್ಕೊಂಡಿದ್ದಾರೆ,” ಎಂದಳು. “ಅದಕ್ಕೇ ಕಳಿಸಿದ್ದು ಆಗಾಗ ತಪ್ಪು ಮನೆಗೆ ಹೋಗ್ತಿದೆ. ಒಬ್ಬರು ಲೇಬಲ್ ಪ್ರಿಂಟರ್. ಇನ್ನೊಬ್ಬರ ಯಂತ್ರದ ನಂಬರ್ ಕೊನೇಲಿ ನಾಲ್ಕು, ಏಳು, ಸೊನ್ನೆ, ಒಂಬತ್ತು. ಯಂತ್ರದ ಹಿಂದೆ ಚೀಟಿ ಇರುತ್ತೆ, ಹುಡುಕಿ.”

ಮ್ಯಾನೇಜರರ ಬೆನ್ನ ಹಿಂದೆಯೇ ಹೊಸ ಪ್ರಿಂಟರೊಂದು ಕೂತಿತ್ತು. ಲೇಬಲ್ ಪ್ರಿಂಟರಿನ ಸೆಟ್ಟಿಂಗನ್ನು ವಿಳಾಸ ಸಮೇತ ಒಂದಕ್ಷರ ಬಿಡದೆ ನಕಲು ಮಾಡಿ, ಮೂರು ದಿನದ ಹಿಂದೆ ಅವರೇ ಕೈಯಾರೆ ಜೋಡಿಸಿದ್ದು. ಕೇಬಲ್ ಅಣ್ಣ ಅದರ ಹಿಂದಕ್ಕೆ ಬಗ್ಗಿ ಓದಿದ: “ನಾಲ್ಕು, ಏಳು, ಸೊನ್ನೆ, ಒಂಬತ್ತು.”

ಆಮೇಲೆ ನೆಟ್ಟಗೆ ನಿಂತ.

“ಸಾರ್, ಇಡೀ ಗೋದಾಮಲ್ಲಿ ನಾನು ಎಳೀದೇ ಇರೋ ಕೇಬಲ್ ಇದೊಂದೇ.”